ಅಪ್ಪನ ಪೊಟ್ಯಾಸಿಯಂ 6 ಆಗಿದೆ. ಗಂಜಿ, ಮೀನು, ಎಳನೀರು, ಇದರಲ್ಲಿ ಏನು ಬಿಡೋದು?

ಬೇಲೇಕೇರಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮ ಅಪ್ಪನಿಗೆ 66 ವರ್ಷ. ಸಕ್ಕರೆ ಕಾಯಿಲೆ ಬಂದು 18 ವರ್ಷ ಆಯಿತು, ಬಿಪಿಯೂ ಇದೆ. ಹೋದ ದೀಪಾವಳಿ ಹೊತ್ತಿಗೆ ಕಾಲು ಬಾತುಕೊಳ್ಳಲು ಶುರುವಾಯಿತು. ಚಪ್ಪಲಿ ಬಿಚ್ಚಿಟ್ಟು ಎರಡು ತಾಸಾದರೂ ಪಟ್ಟಿಯ ಗುರುತು ಪಾದದ ಮೇಲೆ ಹಾಗೇ ಇರುತ್ತಿತ್ತು. ರಕ್ತ ಕೊಟ್ಟು ನೋಡಿದರೆ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) 2.1, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಎನ್ನುವ ಲೆಕ್ಕ) 34. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದರೂ ಹೆಚ್ಚುಕಡಿಮೆ ಅಷ್ಟೇ. ಡಾಕ್ಟರು "ಇದು ಕಿಡ್ನಿ ಕಾಯಿಲೆಯ 3ಬಿ ಹಂತ, ಸಕ್ಕರೆ, ಬಿಪಿ, ಊಟ ಮೂರೂ ಹಿಡಿತದಲ್ಲಿದ್ದರೆ ಬಹಳ ವರ್ಷ ಹೀಗೇ ನಡೆಸಬಹುದು" ಎಂದರು. ಬರುವಾಗ ಒಂದು ಡಯಟ್ ಚೀಟಿ ಕೈಗೆ ಕೊಟ್ಟರು.

ಆ ಚೀಟಿಯದ್ದೇ ತೊಂದರೆ. ಅದರಲ್ಲಿ ಬೆಳಿಗ್ಗೆ ಎರಡು ಫುಲ್ಕಾ, ಮಧ್ಯಾಹ್ನ ಪನೀರ್ ಪಲ್ಯ, ಸಂಜೆ ಅರ್ಧ ಸೇಬು ಎಂದಿದೆ. ನಮ್ಮ ಮನೆಯಲ್ಲಿ ಗೋಧಿ ಹಿಟ್ಟು ತರುವುದೇ ಬೆಂಗಳೂರಿನಿಂದ ಅಣ್ಣನ ಮಕ್ಕಳು ಬಂದಾಗ. ಅಪ್ಪನಿಗೆ ಬೆಳಿಗ್ಗೆ ಕುಚಲಕ್ಕಿ ಗಂಜಿ, ಮಧ್ಯಾಹ್ನ ಅನ್ನ ಮೀನು ಪಳದಿ, ರಾತ್ರಿ ಉಳಿದದ್ದು. ಗಂಜಿಯ ಜೊತೆ ಉಪ್ಪಿನಕಾಯಿಯೋ ಒಣ ಸಿಗಡಿ ಚಟ್ನಿಯೋ ಇರಲೇಬೇಕು. ಹುಟ್ಟಿದಾಗಿನಿಂದ ಇದೇ. ಎರಡು ದಿನ ಫುಲ್ಕಾ ತಿಂದರು, ಮೂರನೇ ದಿನ ತಟ್ಟೆ ಸರಿಸಿ ಎದ್ದು ಹೋದರು.

ಆಮೇಲೆ ನಾವೇ ತಲೆ ಓಡಿಸಿದೆವು. ಅನ್ನ ಕಡಿಮೆ ಮಾಡಿ ರಾಗಿ ಅಂಬಲಿ. ಮೀನು ಪೂರ್ತಿ ಬಂದ್. ದಿನಾ ಬಸಳೆಯೋ ಹರಿವೆ ಸೊಪ್ಪೋ ಏನಾದರೊಂದು. ಕಿಡ್ನಿಗೆ ತಂಪು ಎಂದು ಎಲ್ಲರೂ ಹೇಳಿದ್ದಕ್ಕೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಎಳನೀರು, ನಮ್ಮದೇ ಮರದ್ದು. ಸಂಜೆ ಒಂದು ಮಿಟ್ಗ ಬಾಳೆಹಣ್ಣು. ಉಪ್ಪನ್ನೂ ಬದಲಾಯಿಸಿದೆವು.

ಒಂದೂವರೆ ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ. ಪೊಟ್ಯಾಸಿಯಂ ಮೊದಲು 4.9 ಇತ್ತು, ಈಗ 6.0. ಡಾಕ್ಟರು ಅಲ್ಲೇ ಮಲಗಿಸಿ ಇಸಿಜಿ ತೆಗೆದರು, ಪೊಟ್ಯಾಸಿಯಂ ಇಳಿಸಲು ನೀರಿನಲ್ಲಿ ಕಲಸಿ ಕುಡಿಯುವ ಪುಡಿ ಬರೆದರು. ಅದನ್ನು ಕುಡಿಯುವಾಗ ಅಪ್ಪನ ಮುಖ ನೋಡಬೇಕು, ಮರಳು ಕುಡಿದ ಹಾಗಿರುತ್ತದಂತೆ. ತೂಕ ಬೇರೆ 58 ಕಿಲೋ ಇದ್ದದ್ದು 55ಕ್ಕೆ ಬಂದಿದೆ.

ನಾವು ಮಾಡಿದ್ದೆಲ್ಲ ಆರೋಗ್ಯದ ಊಟವೇ ಅಲ್ವಾ? ಹಾಗಾದರೆ ತಪ್ಪಿದ್ದೆಲ್ಲಿ? ನಮ್ಮ ಕಡೆಯ ಊಟವನ್ನೇ ಇಟ್ಟುಕೊಂಡು ಇದನ್ನು ನಡೆಸಿದವರು ಯಾರಾದರೂ ಇದ್ದರೆ ಹೇಳಿ. ಮುಂದೆ ಮಳೆಗಾಲ ಬೇರೆ, ಆಗ ಮನೆಯಲ್ಲಿ ಒಣಮೀನು ಬಿಟ್ಟರೆ ಬೇರೇನೂ ಇರುವುದಿಲ್ಲ.


ಘಟ್ಟದ ಮೇಲಿನವ:

ತಂಗೀ, ನಿನ್ನ ಪಟ್ಟಿ ಓದುತ್ತಾ ನಮ್ಮ ಮನೆಯ ಕಥೆಯೇ ಓದಿದ ಹಾಗಾಯಿತು. ನಾವು ಶಿರಸಿ ಹತ್ತಿರದವರು, ಮೀನಿಲ್ಲ ಅಷ್ಟೇ ವ್ಯತ್ಯಾಸ. ನಮ್ಮ ಆಯಿಗೆ ಏಳು ವರ್ಷದಿಂದ ಇದೆ, ಈಗ 4ನೇ ಹಂತ, ಇಜಿಎಫ್‌ಆರ್ 24. ಡಯಾಲಿಸಿಸ್ ಇನ್ನೂ ಇಲ್ಲ. ತೋಟಕ್ಕೆ ಹೋಗಿ ವೀಳ್ಯದೆಲೆ ಕೊಯ್ದುಕೊಂಡು ಬರುವಷ್ಟು ಗಟ್ಟಿ ಇದ್ದಾಳೆ.

ಮೊದಲು ಎಳನೀರು ನಿಲ್ಲಿಸು. ಇವತ್ತೇ. ಒಂದು ದೊಡ್ಡ ಲೋಟ ಎಳನೀರಿನಲ್ಲಿ 500ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಒಂದು ದೊಡ್ಡ ಬಾಳೆಹಣ್ಣಿಗಿಂತ ಜಾಸ್ತಿ. ಸರಿ ಇರುವ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕಿ ಸುಮ್ಮನಿರುತ್ತದೆ. ಕುಂದಿದ ಕಿಡ್ನಿಗೆ ಅದು ಆಗುವುದಿಲ್ಲ, ರಕ್ತದಲ್ಲೇ ಉಳಿಯುತ್ತದೆ, ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಇಸಿಜಿ ತೆಗೆದದ್ದು ಅದಕ್ಕೇ. ತಂಪು, ಉಷ್ಣ ಎಂದು ನಾವು ನೋಡುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನನಗೂ ಇದು ಅರ್ಥವಾಗಲು ಒಂದು ವರ್ಷ ಬೇಕಾಯಿತು. ಆಯಿಗೆ ನಾನೇ ದಿನಾ ಎಳನೀರು ಕೆತ್ತಿಕೊಟ್ಟವನು.

ಬಸಳೆ, ಹರಿವೆ ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ರಾಗಿಯಲ್ಲೂ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಎಲ್ಲರಿಗೂ ಒಳ್ಳೆಯದು ಅನ್ನುವ ಪದಾರ್ಥಗಳನ್ನೇ ಹುಡುಕಿ ಹುಡುಕಿ ಒಂದೇ ತಟ್ಟೆಗೆ ಹಾಕಿದ್ದೀರಿ, ಪಾಪ.

ನಮ್ಮಲ್ಲಿ ಆಯಿ ಮಾಡುವುದು ಹೀಗೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ ದೊಡ್ಡ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಬೇಯಿಸಿ, ಆ ನೀರನ್ನು ಬಸಿದು ಚೆಲ್ಲುತ್ತಾಳೆ. ಅವಳ ಮಲ್ಲಿಗೆ ಗಿಡಕ್ಕೆ ಹಾಕುತ್ತಾಳೆ, ಗಿಡ ಚೆನ್ನಾಗಿದೆ. ಸುಮ್ನೆ ತಣ್ಣೀರಲ್ಲಿ ನೆನೆಸಿಟ್ಟರೆ ಅಷ್ಟೇನೂ ಹೋಗುವುದಿಲ್ಲ, ಕುದಿಸಲೇಬೇಕು. ತುಂಡು ಸಣ್ಣದಾದಷ್ಟೂ ಒಳ್ಳೆಯದು. ಬೆಂದ ಮೇಲೆ ಒಗ್ಗರಣೆ, ಕಾಯಿತುರಿ. ಮೊದಲು ಅವಳಿಗೆ ಹೊಟ್ಟೆ ಉರಿದಿತ್ತು, "ಸತ್ವ ಎಲ್ಲ ಚೆಲ್ಲುವುದಾ" ಎಂದು ಗೊಣಗುತ್ತಿದ್ದಳು. ನಿನ್ನ ಅಮ್ಮನೂ ಹೇಳುತ್ತಾರೆ, ತಯಾರಾಗಿರು. ಸಾರನ್ನು ಅನ್ನಕ್ಕೆ ಸುರಿದುಕೊಂಡು ಉಣ್ಣುವ ನಮ್ಮ ಅಭ್ಯಾಸಕ್ಕೆ ಇದು ಸ್ವಲ್ಪ ಕಷ್ಟ, ಏಕೆಂದರೆ ತರಕಾರಿ ಬೆಂದ ನೀರೇ ನಮ್ಮ ಸಾರು.

ಉಪ್ಪು ಬದಲಾಯಿಸಿದೆವು ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೀಯಲ್ಲ, ಯಾವ ಉಪ್ಪು ಅದು? ಪ್ಯಾಕೆಟ್ ಹಿಂದೆ ಏನು ಬರೆದಿದೆ ಓದಿ ಹೇಳು.


ಗೋಕರ್ಣದ ಗಾಳಿ:

ಡಾಕ್ಟರ್ ಮಾತು ಎಲ್ಲ ಕೇಳುತ್ತಾ ಹೋದರೆ ಏನೂ ತಿನ್ನುವ ಹಾಗಿಲ್ಲ ಬಿಡಿ. ನಮ್ಮ ಮಾವನಿಗೂ ಕಿಡ್ನಿ ತೊಂದರೆ ಇತ್ತು. ಬಾಳೆದಿಂಡಿನ ರಸ ದಿನಾ ಒಂದು ಲೋಟ ಕುಡಿದರು, ಎರಡು ತಿಂಗಳಲ್ಲಿ ಕಲ್ಲು ಬಿದ್ದೇ ಹೋಯಿತು. ಮನೆ ಹಿತ್ತಲಲ್ಲಿ ಧಾರೆಹುಳಿ (ಸ್ಟಾರ್ ಫ್ರೂಟ್) ಅಥವಾ ಬಿಂಬುಳಿ ಮರ ಇದ್ದರೆ ಅದರ ರಸವೂ ಒಳ್ಳೆಯದು, ರಕ್ತ ಶುದ್ಧ ಆಗುತ್ತದೆ. ಮತ್ತೆ ಪ್ಯಾಕೆಟ್ ಉಪ್ಪು ಬಿಟ್ಟು ಸಾಣಿಕಟ್ಟೆಯ ಹರಳುಪ್ಪು ಬಳಸಿ, ಅದರಿಂದ ಏನೂ ಆಗುವುದಿಲ್ಲ. ಸಮುದ್ರದ ನೀರು ಬಿಸಿಲಲ್ಲಿ ಒಣಗಿ ಆದದ್ದು, ಕೆಮಿಕಲ್ ಇಲ್ಲ.


ಕುಮಟೆ ಡಯಟೀಷಿಯನ್:

ಅಣ್ಣಾ, ದಯವಿಟ್ಟು ಆ ಧಾರೆಹುಳಿ ಮಾತು ವಾಪಸ್ ತಗೊಳ್ಳಿ. ನಾನು ಓದಲು ಬಂದದ್ದು, ಬರೆಯುವ ಯೋಚನೆ ಇರಲಿಲ್ಲ. ಅದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ಧಾರೆಹುಳಿಯಲ್ಲಿ ಕ್ಯಾರಂಬಾಕ್ಸಿನ್ ಎನ್ನುವ ಒಂದು ವಿಷವಸ್ತು ಇದೆ, ಬ್ರೆಜಿಲ್‌ನ ಸಂಶೋಧಕರು 2013ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಕಿಡ್ನಿ ಸರಿ ಇದ್ದವರಲ್ಲಿ ಅದು ಹೊರಗೆ ಹೋಗುತ್ತದೆ. ಕಿಡ್ನಿ ಕುಂದಿದವರಲ್ಲಿ ಮೆದುಳಿಗೆ ಹತ್ತುತ್ತದೆ. ಮೊದಲ ಲಕ್ಷಣ ಏನು ಗೊತ್ತಾ? ನಿಲ್ಲದ ಬಿಕ್ಕಳಿಕೆ. ಆಮೇಲೆ ಮಾತು ತಡವರಿಸುವುದು, ಗೊಂದಲ, ಫಿಟ್ಸ್. ಡಯಾಲಿಸಿಸ್‌ನಲ್ಲಿರುವವರು ಒಂದೇ ಹಣ್ಣು ತಿಂದು ತೀರಿಕೊಂಡದ್ದೂ ಇದೆ. ಬಿಂಬುಳಿಯ ಕಥೆ ಬೇರೆ, ಅದರಲ್ಲಿ ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ವಿಪರೀತ. ಕೇರಳದಲ್ಲಿ ಕೊಲೆಸ್ಟ್ರಾಲ್ ಇಳಿಯಲಿ ಎಂದು ಬಿಂಬುಳಿಯ ಗಟ್ಟಿ ರಸ ಕುಡಿದು ಕಿಡ್ನಿ ಕೆಟ್ಟ 10 ಜನರ ಬಗ್ಗೆ 2013ರಲ್ಲೇ ವೈದ್ಯರು ಬರೆದಿದ್ದಾರೆ. ಮೀನು ಸಾರಿಗೆ ಒಂದು ಬಿಂಬುಳಿ ಹಾಕುವುದೂ ಲೋಟಗಟ್ಟಲೆ ರಸ ಕುಡಿಯುವುದೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ 3ಬಿ ಹಂತದವರಿಗೆ ನಾನು ಎರಡನ್ನೂ ಬಿಡಿ ಎಂದೇ ಹೇಳುತ್ತೇನೆ. ಹುಳಿಗೆ ವಾಟೆಹುಳಿ, ಲಿಂಬೆ, ಮುರುಗಲು ಏನೂ ಇಲ್ಲವೇ? ಮುರುಗಲು ಸಿಪ್ಪೆ ಒಣಗಿಸುವಾಗ ಉಪ್ಪು ಹಾಕಿರುತ್ತಾರೆ, ಅದನ್ನು ತೊಳೆದು ಬಳಸಿ.

ನಿಮ್ಮ ಮಾವನಿಗೆ ಇದ್ದದ್ದು ಕಲ್ಲು. ಇವರ ಅಪ್ಪನಿಗೆ ಇರುವುದು ಕಿಡ್ನಿಯ ಸೋಸುವ ಶಕ್ತಿಯೇ ಮೂರನೇ ಒಂದು ಭಾಗಕ್ಕೆ ಇಳಿದಿರುವುದು. ಬಾಳೆದಿಂಡಿನ ರಸದಲ್ಲೂ ಪೊಟ್ಯಾಸಿಯಂ ಇದೆ. ಸಾಣಿಕಟ್ಟೆ ಉಪ್ಪಿನ ಮೇಲೆ ನನಗೂ ಪ್ರೀತಿ ಇದೆ, ನಮ್ಮ ಮನೆಯಲ್ಲೂ ಅದೇ. ಆದರೆ ಅದೂ ಸೋಡಿಯಂ ಕ್ಲೋರೈಡೇ. ಸೈಂಧವ ಲವಣವೂ ಅಷ್ಟೇ.

ಈಗ ಬೇಲೇಕೇರಿಯವರಿಗೆ. ನೀವು ಮೀನು ನಿಲ್ಲಿಸಿದ್ದು ಯಾಕೆ? ಯಾರೂ ನಿಲ್ಲಿಸಿ ಎಂದಿರಲಿಕ್ಕಿಲ್ಲ. ಪ್ರೊಟೀನ್ ಕಡಿಮೆ ಮಾಡಿ ಎಂದದ್ದನ್ನು ಬಂದ್ ಮಾಡಿ ಎಂದು ಕೇಳಿಸಿಕೊಂಡಿರಬೇಕು, ಎಲ್ಲರ ಮನೆಯಲ್ಲೂ ಇದೇ ಆಗುತ್ತದೆ. ಡಯಾಲಿಸಿಸ್ ಇಲ್ಲದ ಈ ಹಂತದಲ್ಲಿ ತೂಕದ ಒಂದು ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೊಟೀನ್ ಬೇಕು. 58 ಕಿಲೋಗೆ ಸುಮಾರು 46 ಗ್ರಾಂ. ನಿಮ್ಮ ಅಡುಗೆಮನೆಯಲ್ಲೇ ಲೆಕ್ಕ ಹಾಕೋಣ. ಮೂರು ಹೊತ್ತಿನ ಗಂಜಿ ಅನ್ನ ಸೇರಿ ಕಾಲು ಕಿಲೋ ಅಕ್ಕಿ ಎಂದಿಟ್ಟುಕೊಂಡರೆ ಅದರಿಂದಲೇ 17 ಗ್ರಾಂ ಹತ್ತಿರ ಬರುತ್ತದೆ. ಒಂದು ಮಧ್ಯಮ ಗಾತ್ರದ ಬಂಗಡೆಯಿಂದ 15, 16 ಗ್ರಾಂ. ಒಂದು ಲೋಟ ಹಾಲೋ ಅದರ ಮಜ್ಜಿಗೆಯೋ ಆದರೆ 6. ಒಂದು ಮುಷ್ಟಿ ತೊಗರಿಬೇಳೆ 4, 5. ಉಳಿದದ್ದು ತರಕಾರಿ, ಕಾಯಿಯಿಂದ ತುಂಬುತ್ತದೆ. ಆಯಿತಲ್ಲ? ಫುಲ್ಕಾ ಎಲ್ಲೂ ಬರಲಿಲ್ಲ, ಪನೀರೂ ಬರಲಿಲ್ಲ. ಮೂರು ಕಿಲೋ ತೂಕ ಇಳಿದದ್ದು ನನಗೆ ಪೊಟ್ಯಾಸಿಯಂನಷ್ಟೇ ಚಿಂತೆ. ಈ ವಯಸ್ಸಲ್ಲಿ ಹೀಗೆ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ.

ಮೀನು ಹಸಿಯದಾಗಿರಲಿ. ತೊಂದರೆ ಕೊಡುವುದು ಉಪ್ಪು ಹಾಕಿ ಒಣಗಿಸಿದ ಮೀನು. ಒಣ ಸಿಗಡಿ ಚಟ್ನಿಯಲ್ಲಿ ತಲೆ, ಚಿಪ್ಪು, ಎಲ್ಲ ಸೇರಿಸಿ ಅರೆಯುವುದರಿಂದ ರಂಜಕವೂ (ಫಾಸ್ಫರಸ್) ಹೆಚ್ಚು, ಕುಂದಿದ ಕಿಡ್ನಿಗೆ ಅದನ್ನೂ ಹೊರಹಾಕಲು ಕಷ್ಟ. ತಾರ್ಲೆ ತಿಂದರೆ ಮುಳ್ಳು ತೆಗೆದು ತಿನ್ನಲಿ.

ತರಕಾರಿಯಲ್ಲಿ ಮೊಗೆಕಾಯಿ, ಹೀರೆಕಾಯಿ, ಪಡವಲಕಾಯಿ, ಸೋರೆಕಾಯಿ, ತೊಂಡೆಕಾಯಿ, ಎಲೆಕೋಸು ಇವು ಪೊಟ್ಯಾಸಿಯಂ ಲೆಕ್ಕದಲ್ಲಿ ಹಗುರ. ಕೆಸುವಿನ ಗಡ್ಡೆ, ಸುವರ್ಣಗಡ್ಡೆ, ಬಾಳೆಕಾಯಿ, ಆಲೂಗಡ್ಡೆ, ಹಲಸು, ಸೊಪ್ಪು ಇವು ಭಾರ. ಪೊಟ್ಯಾಸಿಯಂ ಇಳಿಯುವ ತನಕ ಭಾರದವು ಬೇಡ. ಆಮೇಲೆ ಘಟ್ಟದ ಮೇಲಿನವರು ಹೇಳಿದ ಹಾಗೆ ಕುದಿಸಿ ಬಸಿದು ವಾರಕ್ಕೆ ಒಂದೆರಡು ಸಲ. ಕಾಯಿತುರಿಗೆ ಹೆದರಬೇಡಿ, ಒಂದು ಹಿಡಿಯಲ್ಲಿ ಸುಮಾರು 100 ಮಿಲಿಗ್ರಾಂ ಪೊಟ್ಯಾಸಿಯಂ. ಮೀನು ಸಾರಿಗೆ ಕಾಯಿ ಅರೆಯದೆ ನಮ್ಮವರು ಬದುಕುವುದಾದರೂ ಹೇಗೆ!

ಕುಚಲಕ್ಕಿ ಗಂಜಿ ಚಿನ್ನದಂಥ ಊಟ. ರಾಗಿ ಬಿಟ್ಟು ಅದಕ್ಕೇ ವಾಪಸ್ ಬನ್ನಿ. ಸಕ್ಕರೆ ಇರುವುದರಿಂದ ಬಟ್ಟಲಿನ ಅಳತೆ ಮಾತ್ರ ತಪ್ಪಬಾರದು.

ಇನ್ನೆರಡು ವಿಷಯ ಕೇಳಬೇಕು. ಬಿಪಿ ಮಾತ್ರೆ ಯಾವುದು? ಟೆಲ್ಮಿಸಾರ್ಟನ್ ತರದ್ದಾದರೆ ಅದೂ ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತದೆ. ಆದರೆ ಕಿಡ್ನಿಯನ್ನು ಕಾಯುವುದೂ ಅದೇ ಮಾತ್ರೆ, ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಎರಡನೆಯದು, ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸ ಇದೆಯಾ? ಡೈಕ್ಲೋಫೆನಾಕ್, ಐಬುಪ್ರೊಫೆನ್ ಎರಡೂ ಈ ಕಿಡ್ನಿಗೆ ಆಗುವುದಿಲ್ಲ. ಊಟದಲ್ಲಿ ಆರು ತಿಂಗಳು ಉಳಿಸಿದ್ದನ್ನು ಒಂದು ವಾರದ ನೋವಿನ ಮಾತ್ರೆ ಕಳೆಯಬಹುದು.


ಬೇಲೇಕೇರಿ ಹುಡುಗಿ:

ಅಕ್ಕಾ, ಅಣ್ಣಾ, ಇಬ್ಬರಿಗೂ ದೊಡ್ಡ ನಮಸ್ಕಾರ.

ನಾನು ಕಾರವಾರದಲ್ಲಿ ಕೆಲಸದಲ್ಲಿರುವುದು. ಉಪ್ಪಿನ ಪ್ರಶ್ನೆ ಓದಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿ ಪ್ಯಾಕೆಟ್‌ನ ಫೋಟೋ ಕಳಿಸಲು ಹೇಳಿದೆ. ಅಮ್ಮ ಮೊದಲು ಮುಂದಿನ ಭಾಗದ್ದು ಕಳಿಸಿದಳು, ಹೃದಯದ ಚಿತ್ರ ಇರುವುದು. ಹಿಂದಿನದ್ದು ಕಳಿಸು ಎಂದರೆ ಮಸುಕು. ಮೂರನೇ ಸಲಕ್ಕೆ ಓದಲು ಬಂತು. "ಪೊಟ್ಯಾಸಿಯಂ ಕ್ಲೋರೈಡ್."

ಅಣ್ಣ ಆನ್‌ಲೈನ್‌ನಲ್ಲಿ ತರಿಸಿದ್ದು, ಲೋ ಸೋಡಿಯಂ ಉಪ್ಪು. ಬಿಪಿಗೆ ಒಳ್ಳೆಯದು ಎಂದು ಒಂದೇ ಸಲ ನಾಲ್ಕು ಪ್ಯಾಕೆಟ್. ಇದು ಹೇಗೂ ಒಳ್ಳೆಯ ಉಪ್ಪು ಅಲ್ವಾ ಎಂದು ಅಪ್ಪ ಗಂಜಿಗೆ ಇನ್ನೂ ಒಂದು ಚಿಟಿಕೆ ಜಾಸ್ತಿಯೇ ಹಾಕಿಕೊಳ್ಳುತ್ತಿದ್ದರಂತೆ. ನಾವೇ ಕೈಯಾರೆ ತಿನ್ನಿಸಿದ ಹಾಗಾಯಿತು.

ಮಾತ್ರೆ ಟೆಲ್ಮಿಸಾರ್ಟನ್ನೇ. ಮಂಡಿನೋವಿನ ಮಾತ್ರೆಯೂ ಹೌದು. ಬಲೆ ಎಳೆಯುತ್ತಿದ್ದ ಕಾಲದ ನೋವು ಅದು. ಬಂದರಿನ ಅಂಗಡಿಯವನು "ನೋವಿನ ಮಾತ್ರೆ" ಎಂದರೆ ಸಾಕು ಎರಡು ಕೊಡುತ್ತಾನೆ, ಹೆಸರೂ ಕೇಳಬೇಕಿಲ್ಲ. ಇದು ನಮಗೆ ಗೊತ್ತೇ ಇರಲಿಲ್ಲ, ನೀವು ಕೇಳಿದ ಮೇಲೆ ಕೇಳಿದ್ದು.


ಕುಮಟೆ ಡಯಟೀಷಿಯನ್:

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಲೋ ಸೋಡಿಯಂ ಉಪ್ಪು ಎಂದರೆ ಸೋಡಿಯಂನ ಒಂದು ಭಾಗ ತೆಗೆದು ಆ ಜಾಗಕ್ಕೆ ಪೊಟ್ಯಾಸಿಯಂ ತುಂಬಿದ್ದು. ಕಿಡ್ನಿ ಚೆನ್ನಾಗಿರುವ ಬಿಪಿಯವರಿಗೆ ಅದರಿಂದ ಲಾಭವೇ ಇದೆ. ಅಪ್ಪನಂಥವರಿಗೆ ಅಲ್ಲ. ನಾಲ್ಕು ಪ್ಯಾಕೆಟ್ಟೂ ಮನೆಯಿಂದ ಆಚೆ ಹೋಗಲಿ. ಡಾಕ್ಟರಿಗೆ ಈ ಉಪ್ಪು, ಎಳನೀರು, ನೋವಿನ ಮಾತ್ರೆ, ಮೂರನ್ನೂ ಹೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಟೆಲ್ಮಿಸಾರ್ಟನ್ ಮೇಲೆ ತಪ್ಪು ಬೀಳುತ್ತದೆ, ಒಳ್ಳೆಯ ಮಾತ್ರೆ ನಿಂತು ಹೋಗುತ್ತದೆ.

ಮಾಮೂಲಿ ಉಪ್ಪೇ ಬಳಸಿ, ಅಳತೆಯಲ್ಲಿ. ದಿನಕ್ಕೆ ಒಟ್ಟು 5 ಗ್ರಾಂ ಒಳಗೆ, ಪುಡಿ ಉಪ್ಪಾದರೆ ತಲೆ ಸವರಿದ ಒಂದು ಚಹಾ ಚಮಚ. ನನ್ನ ಬಳಿ ಬರುವವರಿಗೆ ಒಂದು ಉಪಾಯ ಹೇಳುತ್ತೇನೆ. ಬೆಳಿಗ್ಗೆ ಅಷ್ಟನ್ನು ಒಂದು ಸಣ್ಣ ಕರಡಿಗೆಗೆ ಹಾಕಿ ಅವರ ಕೈಗೇ ಕೊಟ್ಟುಬಿಡಿ. ಪಳದಿ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಆಗಲಿ, ಉಪ್ಪು ಹಾಕುವ ಮೊದಲು ಅವರ ಪಾಲು ಒಂದು ಬೋಗುಣಿಗೆ ತೆಗೆದಿಡಿ. ಅವರು ತಮ್ಮ ಕರಡಿಗೆಯಿಂದ ಹಾಕಿಕೊಳ್ಳಲಿ. ಉಪ್ಪು ನಾಲಿಗೆಯ ಮೇಲೆಯೇ ಬೀಳುವುದರಿಂದ ಸ್ವಲ್ಪದಲ್ಲೇ ರುಚಿ ಹತ್ತುತ್ತದೆ. ಮೂರು ವಾರ ಸಪ್ಪೆ ಸಪ್ಪೆ ಎನ್ನುತ್ತಾರೆ, ಆಮೇಲೆ ನಾಲಿಗೆ ಹೊಂದಿಕೊಳ್ಳುತ್ತದೆ.

ಉಪ್ಪು ಕಾಣದ ಕಡೆಯೂ ಸೋಡಿಯಂ ಇರುತ್ತದೆ. ಹಪ್ಪಳಕ್ಕೆ ಹಪ್ಪಳಖಾರ (ಮೆಣಸಿನ ಖಾರ ಅಲ್ಲ, ಸೋಡಿಯಂ ಇರುವ ಕ್ಷಾರ) ಹಾಕುತ್ತಾರೆ, ಹೋಟೆಲಿನ ಬನ್ಸಿಗೆ ಸೋಡಾ. ಬನ್ಸಿನಲ್ಲಿ ಬಾಳೆಹಣ್ಣೂ ಇದೆ, ಸಕ್ಕರೆಯೂ ಇದೆ, ಒಂದೇ ಕಲ್ಲಿಗೆ ಮೂರು ಪೆಟ್ಟು.

ಮಳೆಗಾಲದ ವಿಷಯ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ದೋಣಿ ಇಳಿಯುವುದಿಲ್ಲ, ಸರಿ. ಆಗ ಮೊಟ್ಟೆಯ ಬಿಳಿ ಬಳಸಿ. ಒಂದರಲ್ಲಿ ಮೂರೂವರೆ ಗ್ರಾಂ ಪ್ರೊಟೀನ್, ರಂಜಕ ಬಹಳ ಕಡಿಮೆ. ಸಾರಿಗೆ ಒಡೆದು ಹಾಕಿದರೆ ಮೀನಿಲ್ಲದ ಕೊರತೆ ಸ್ವಲ್ಪ ತೀರುತ್ತದೆ. ಒಣಮೀನು ಬಿಡಲಾಗದಿದ್ದರೆ ಹದಿನೈದು ದಿನಕ್ಕೊಮ್ಮೆ ಒಂದು ತುಂಡು, ಹಿಂದಿನ ರಾತ್ರಿ ನೆನೆಸಿ ಎರಡು ಮೂರು ಸಲ ನೀರು ಬದಲಾಯಿಸಿ. ಉಪ್ಪು ಎಲ್ಲ ಹೋಗುವುದಿಲ್ಲ, ಒಂದಷ್ಟು ಹೋಗುತ್ತದೆ. ಆ ದಿನ ಕರಡಿಗೆ ಅರ್ಧ ಮಾತ್ರ ತುಂಬಿ.

ಮತ್ತೆ, ಕಿಡ್ನಿ ಕುಂದಿದ ಹಾಗೆ ಸಕ್ಕರೆ ಮಾತ್ರೆ, ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಇದ್ದಕ್ಕಿದ್ದ ಹಾಗೆ ಬೆವರಿ ಕೈ ನಡುಗಿದರೆ (ಸಕ್ಕರೆ ತೀರಾ ಇಳಿದ ಗುರುತು ಅದು) ಎಳನೀರು, ಬಾಳೆಹಣ್ಣು ಹುಡುಕಬೇಡಿ. ಎರಡು ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ.


ವಾರಕ್ಕೆರಡು ಸಲ:

ನಾನು ಡಯಾಲಿಸಿಸ್ ಪಾರ್ಟಿ. ಕಾರವಾರದಲ್ಲೇ, ವಾರಕ್ಕೆ ಎರಡು ದಿನ, ಮೂರು ವರ್ಷ ಆಯಿತು.

ಒಂದೇ ಮಾತು ಹೇಳಲು ಬಂದೆ. ಇಲ್ಲಿ ಬರೆದದ್ದನ್ನು ನೋಡಿ ಡಯಾಲಿಸಿಸ್‌ನವರು ಪ್ರೊಟೀನ್ ಕಡಿಮೆ ಮಾಡಬೇಡಿ. ನಮ್ಮ ಲೆಕ್ಕ ತಿರುಗಾಮುರುಗಾ. ಮೆಷಿನ್ ಪ್ರೊಟೀನನ್ನೂ ಸ್ವಲ್ಪ ಎಳೆದುಕೊಂಡು ಹೋಗುತ್ತದೆ, ಹಾಗಾಗಿ ಕಿಲೋಗೆ 1ರಿಂದ 1.2 ಗ್ರಾಂ ಬೇಕು. ಈಗ ಡಾಕ್ಟರೇ ನನಗೆ ಮೀನು ತಿನ್ನಿ ತಿನ್ನಿ ಎನ್ನುತ್ತಾರೆ, ಮೊದಲು ಬೇಡ ಎನ್ನುತ್ತಿದ್ದರು. ನನಗೆ ಕಷ್ಟ ಇರುವುದು ನೀರು. ಮೇ ತಿಂಗಳ ಸೆಕೆಯಲ್ಲಿ ದಿನಕ್ಕೆ ಒಂದು ಲೀಟರೊಳಗೆ ಇರುವುದು ಎಂದರೆ ಏನು ಎಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾ? ಒಂದು ಐಸ್ ತುಂಡು ಬಾಯಲ್ಲಿಟ್ಟುಕೊಂಡು ಕರಗಿಸುತ್ತಾ ಕೂರುತ್ತೇನೆ, ಮೊಮ್ಮಗಳು ಅಜ್ಜ ಪೆಪ್ಪರ್‌ಮಿಂಟ್ ತಿನ್ನುತ್ತಾನೆ ಎಂದು ನಗುತ್ತಾಳೆ. ಬೇಲೇಕೇರಿಯವರ ಅಪ್ಪನಿಗೆ ಈಗ ನೀರಿನ ನಿರ್ಬಂಧ ಇದೆಯೋ ಇಲ್ಲವೋ ಡಾಕ್ಟರನ್ನೇ ಕೇಳಿ. ಮೂತ್ರ ಚೆನ್ನಾಗಿ ಹೋಗುತ್ತಿದ್ದು ಬಾವು ಇಲ್ಲದಿದ್ದರೆ ಬಾಯಾರಿಕೆಗೆ ತಕ್ಕಷ್ಟು ಕುಡಿಯಬಹುದು ಎಂದೇ ನನಗೂ ಆ ಹಂತದಲ್ಲಿ ಹೇಳಿದ್ದರು. ಕಿಡ್ನಿ ತೊಳೆಯಲಿ ಎಂದು ದಿನಕ್ಕೆ ನಾಲ್ಕು ಲೀಟರ್ ಸುರಿಯುವುದು ಸುಮ್ನೆ.

ಇನ್ನೊಂದು. ರಕ್ತ ಎಲ್ಲಿ ಕೊಡುತ್ತೀರಿ? ನನಗೆ ಒಂದು ಸಲ ಪೊಟ್ಯಾಸಿಯಂ 6.8 ಎಂದು ಬಂದು ಮನೆಯವರೆಲ್ಲ ಅತ್ತು ಕರೆದು ರಾತ್ರಿಯೇ ಕಾರು ಮಾಡಿಕೊಂಡು ಓಡಿದೆವು. ಅಲ್ಲಿ ಮತ್ತೆ ತೆಗೆದರೆ 5.2. ಊರಿನ ಕಲೆಕ್ಷನ್ ಸೆಂಟರಿನವನು ಬೆಳಿಗ್ಗೆ ತೆಗೆದ ರಕ್ತವನ್ನು ಸಂಜೆಯ ಬಸ್ಸಿಗೆ ಘಟ್ಟ ಹತ್ತಿಸಿದ್ದ. ರಕ್ತಕಣ ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಗೆ ಬಂದು ಸುಳ್ಳು ಲೆಕ್ಕ ತೋರಿಸುತ್ತದೆ. ಹಾಗೆಂದು ಜಾಸ್ತಿ ಬಂದಾಗ ಸುಳ್ಳಿರಬೇಕು ಎಂದು ಮನೆಯಲ್ಲಿ ಕೂರಬೇಡಿ, ಮೊದಲು ಓಡಿ. ಆದರೆ ಮಾಮೂಲಿ ತಪಾಸಣೆಗೆ ರಕ್ತ ಪರೀಕ್ಷೆಯ ಯಂತ್ರ ಇರುವ ಕಡೆಯೇ ಹೋಗಿ ಕೊಡಿ.


ಘಟ್ಟದ ಮೇಲಿನವ:

ಡಯಟೀಷಿಯನ್ ಅಕ್ಕ ಹೇಳಿದ ಕರಡಿಗೆ ಉಪಾಯ ಚೆನ್ನಾಗಿದೆ, ನಾನೂ ಶುರು ಮಾಡುತ್ತೇನೆ. ಆಯಿ ಉಪ್ಪು ಬಿಟ್ಟರೂ ಅಪ್ಪೆಮಿಡಿ ಬಿಟ್ಟಿಲ್ಲ. ಹೋದ ವರ್ಷ ಭರಣಿಯ ಮೇಲೆ ಬೀಗ ಹಾಕುವುದೊಂದು ಬಾಕಿ. ಕೊನೆಗೆ ರಾಜಿ ಆದದ್ದು ಹೀಗೆ: ಒಂದು ಮಿಡಿಯನ್ನು ತೊಳೆದು ನಾಲ್ಕು ಹೋಳು ಮಾಡುವುದು, ಒಂದು ಹೋಳು ಒಂದು ಊಟಕ್ಕೆ. ಅದನ್ನು ಅವಳು ತಿನ್ನುವುದಿಲ್ಲ, ತಟ್ಟೆಯ ಅಂಚಿಗೆ ಇಟ್ಟುಕೊಂಡು ಊಟ ಮುಗಿಯುವ ತನಕ ಮೂಸಿ ಮೂಸಿ ಕೊನೆಗೆ ಚೀಪುತ್ತಾಳೆ. ಮಿಡಿಯ ಸೊನೆಯ ಪರಿಮಳ ಇದ್ದರೆ ಸಪ್ಪೆ ತಂಬುಳಿಯೂ ಇಳಿಯುತ್ತದಂತೆ.

ಗೋಕರ್ಣದ ಅಣ್ಣ ಮತ್ತೆ ಬರಲೇ ಇಲ್ಲ.


ಗೋಕರ್ಣದ ಗಾಳಿ:

ಇದ್ದೇನೆ ಮಾರಾಯ್ರೇ, ಓದುತ್ತಿದ್ದೇನೆ. ಧಾರೆಹುಳಿ ವಿಷಯ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ನಮ್ಮ ಹಿತ್ತಲಲ್ಲೇ ಮರ ಇದೆ, ಬೀದಿಗೆಲ್ಲ ಹಂಚುತ್ತೇವೆ. ಪಕ್ಕದ ಮನೆಯವರಿಗೆ ಕ್ರಿಯಾಟಿನಿನ್ ಇದೆ ಎಂದು ಕೇಳಿದ ನೆನಪು. ಇವತ್ತು ಹೋಗಿ ಹೇಳಿ ಬರುತ್ತೇನೆ.


ಬೇಲೇಕೇರಿ ಹುಡುಗಿ:

ನಾಲ್ಕು ವಾರ ಆಯಿತು, ಹೇಳಿ ಹೋಗೋಣ ಎಂದು ಬಂದೆ.

ಪೊಟ್ಯಾಸಿಯಂ 4.8. ಪುಡಿ ನಿಂತಿತು. ಕ್ರಿಯಾಟಿನಿನ್ 2.0, ಅದು ಇಳಿದದ್ದಲ್ಲ, ಅಷ್ಟು ವ್ಯತ್ಯಾಸ ಯಾವಾಗಲೂ ಇರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟರು, ಖುಷಿಪಡಲು ಬಿಡಲಿಲ್ಲ. ತೂಕ 56. ನೋವಿನ ಮಾತ್ರೆ ಬಿಟ್ಟು ಪ್ಯಾರಾಸಿಟಮಾಲ್, ಬೇಕಾದಾಗ ಮಾತ್ರ. ಟೆಲ್ಮಿಸಾರ್ಟನ್ ಮುಂದುವರಿದಿದೆ. ಉಪ್ಪಿನ ಪ್ಯಾಕೆಟ್ ಡಾಕ್ಟರಿಗೆ ತೋರಿಸಿದೆ, "ಇದನ್ನು ಯಾರೂ ಬಂದು ಹೇಳುವುದಿಲ್ಲ ನೋಡಿ" ಎಂದರು.

ಮೀನು ವಾಪಸ್ ಬಂದ ದಿನ ಅಪ್ಪ ಯಾರಿಗೂ ಹೇಳದೆ ಬೆಳಿಗ್ಗೆ ಐದೂವರೆಗೇ ಬಂದರಿಗೆ ಹೋಗಿ ತಾವೇ ಬಂಗಡೆ ಆರಿಸಿಕೊಂಡು ಬಂದರಂತೆ. ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ ನೋಡಿ, ನಾಲ್ಕೇ ನಾಲ್ಕು. ಅಮ್ಮ ಹೇಳುವಾಗ ನಗುತ್ತಿದ್ದಳು. ಮೂರು ತಿಂಗಳಲ್ಲಿ ಅವಳು ನಕ್ಕಿದ್ದು ಕೇಳಿರಲಿಲ್ಲ.

ಅಕ್ಕಾ, ಒಂದು ಕೊನೆಯ ಪ್ರಶ್ನೆ. ಕರಿ ಈಶಾಡ ಮಾವಿನಹಣ್ಣು ಶುರುವಾಗಿದೆ. ಅಪ್ಪ ಬುಟ್ಟಿಯ ಸುತ್ತ ಸುಳಿಯುತ್ತಿದ್ದಾರೆ. ಅಂಕೋಲೆಯಲ್ಲಿ ಇದ್ದುಕೊಂಡು ಮೇ ತಿಂಗಳಲ್ಲಿ ಈಶಾಡ ಬೇಡ ಎನ್ನಲು ನನ್ನಿಂದ ಆಗುವುದಿಲ್ಲ. ಏನು ಮಾಡಲಿ?


ಕುಮಟೆ ಡಯಟೀಷಿಯನ್:

4.8 ಒಳ್ಳೆಯ ಸುದ್ದಿ.

ಮಾವಿನ ಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸುಮಾರು 170 ಮಿಲಿಗ್ರಾಂ ಪೊಟ್ಯಾಸಿಯಂ, ಬಾಳೆಹಣ್ಣಿನ ಅರ್ಧ. ಆದ್ದರಿಂದ ಪೊಟ್ಯಾಸಿಯಂಗಿಂತ ಸಕ್ಕರೆಯದ್ದೇ ಚಿಂತೆ. ಒಂದು ಕೆನ್ನೆ ಹೋಳು, ವಾರಕ್ಕೆ ಎರಡು ಸಲ, ಊಟದ ಜೊತೆ, ಆ ಹೊತ್ತು ಅನ್ನ ಒಂದು ಸೌಟು ಕಡಿಮೆ. ಆ ದಿನ ಬೇರೆ ಹಣ್ಣು ಬೇಡ. ರಸಾಯನ ಮಾಡಬೇಡಿ, ಲೋಟದಲ್ಲಿ ಎಷ್ಟು ಹಣ್ಣು ಹೋಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಗೊರಟು ಯಾರಿಗೆ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಿ, ಗೊರಟಿನ ಮೇಲೆ ಎಷ್ಟು ತಿರುಳು ಬಿಡಬೇಕು ಎನ್ನುವುದರಲ್ಲಿ ಅಮ್ಮಂದಿರು ಮೋಸ ಮಾಡುತ್ತಾರೆ. ಒಂದು ತಿಂಗಳು ಬಿಟ್ಟು ಮತ್ತೆ ರಕ್ತ ನೋಡಿ.


ಬೇಲೇಕೇರಿ ಹುಡುಗಿ:

ಗೊರಟು ನನಗೇ ಎಂದು ಹೇಳಿದೆ ಅಕ್ಕಾ. ಅಪ್ಪ ಮಾತಾಡಲಿಲ್ಲ, ಕರಡಿಗೆಯ ಮುಚ್ಚಳ ತೆಗೆದು ಮುಚ್ಚಿ ಮಾಡುತ್ತಾ ಕೂತರು. ಮಧ್ಯಾಹ್ನಕ್ಕೇ ಅರ್ಧ ಖಾಲಿಯಾಗಿರುತ್ತದೆ. ರಾತ್ರಿ ಅಮ್ಮನ ಉಪ್ಪಿನ ಡಬ್ಬಿಗೆ ಕೈ ಹಾಕುವುದನ್ನು ನಿನ್ನೆ ಹಿಡಿದಿದ್ದಾಯಿತು. ಡಬ್ಬಿ ಈಗ ಅಟ್ಟದ ಮೇಲಿದೆ, ಅಮ್ಮನಿಗೇ ಎಟುಕುವುದಿಲ್ಲ.